ಬಿಜೈಯ ಹಳೇ ಮನೆಯ ಬಾತ್‌ರೂಮ್: ಪೂರ್ತಿ ಒಡೆಯದೆ, ನೀರು-ಕರೆಂಟು ಉಳಿಯುವ ಹಾಗೆ ಮಾಡಿಸುವುದು ಹೇಗೆ?

ಬಿಜೈ_ಬಾವಿಕಟ್ಟೆ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಬಿಜೈಯಲ್ಲಿ ನಮ್ಮದು ಕೆಂಪು ಕಲ್ಲಿನ ಹಳೇ ಮನೆ. ತೊಂಬತ್ತರ ದಶಕದಲ್ಲಿ ಮಾವ ಕಟ್ಟಿಸಿದ್ದು. ಎರಡು ಬಾತ್‌ರೂಮ್ ಉಂಟು. ಒಂದು ಒಳಗೆ, ಏಳಡಿಗೆ ಐದಡಿ, ಕಮೋಡ್ ಅದರಲ್ಲೇ. ಇನ್ನೊಂದು ಹಿಂದುಗಡೆ ಹಂಚಿನ ಮಾಡಿನ ಕೆಳಗೆ, ಮೊದಲು ಹಂಡೆ ಇದ್ದ ಬಚ್ಚಲು. ಈಗ ಅಲ್ಲಿ ಬಟ್ಟೆ ಒಗೆಯುವುದು, ಹಿಡಿಸೂಡಿ ಬಕೆಟ್ ಇಡುವುದು ಅಷ್ಟೇ.

ಒಳಗಿನದ್ದರ ನೆಲ ಜಾರುತ್ತದೆ. ಮೂಲೆಯಲ್ಲಿ ನೀರು ನಿಲ್ಲುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು. ಬಾಗಿಲು ಕೆಳಗಿನಿಂದ ಒಂದು ಗೇಣು ಕೊಳೆತು ಕುಂಬಾಗಿದೆ. ಅತ್ತೆಗೆ ಎಪ್ಪತ್ತು ದಾಟಿತು, ಮೊಣಕಾಲು ನೋವು. ಅವರು ಸ್ನಾನಕ್ಕೆ ಹೋದರೆ ಹೊರಗಿರುವ ನಮಗೆ ಜೀವ ಕೈಯಲ್ಲಿ.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿದರು. ಎರಡನ್ನೂ ಪೂರ್ತಿ ಒಡೆಯಬೇಕಂತೆ. ಎರಡಕ್ಕೂ ಸೇರಿ 2.75 ಲಕ್ಷ ಹೇಳಿದರು. ಅದಕ್ಕೆ ಹೆಸರು ‘ಇಕೋ ಫ್ರೆಂಡ್ಲಿ ಪ್ಯಾಕೇಜ್’. ಅದರಲ್ಲಿ ಬಿಸಿನೀರಿನ ಸೋಲಾರ್ ಉಂಟು, ಜೊತೆಗೆ ತಲೆ ಮೇಲೆ ಮಳೆ ಸುರಿದ ಹಾಗೆ ಸುರಿಯುವ ದೊಡ್ಡ ಶವರ್ ಕೂಡ ಉಂಟು. ಅದು ನೀರು ಉಳಿಸುವುದು ಹೇಗೆ ಸರ್ ಎಂದು ಕೇಳಿದೆ. ನಕ್ಕರು, ಉತ್ತರ ಬರಲಿಲ್ಲ.

ನಮ್ಮ ಕೈಯಲ್ಲಿ ಇರುವುದು ಎಂಬತ್ತು ಸಾವಿರ. ಮನೆಯಲ್ಲಿ ನಾಲ್ಕು ಜನ. ಬಾವಿ ಉಂಟು, ಕಾರ್ಪೊರೇಷನ್ ನೀರೂ ಉಂಟು. ಆದರೆ ತುಂಬೆ ಡ್ಯಾಮಿನಲ್ಲಿ ನೀರು ಇಳಿದರೆ ನಲ್ಲಿ ಬಂದ್, ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಬಾವಿಯ ತಳವೂ ಕಾಣುತ್ತದೆ. 2019ರ ಮೇ, 2023ರ ಮೇ ಎರಡೂ ಚೆನ್ನಾಗಿ ನೆನಪುಂಟು. ಎಲ್ಲಿಂದ ಶುರು ಮಾಡಬೇಕು? ಯಾವುದನ್ನು ಬಿಡಬಹುದು?

ಕೊಡೆ_ಮರೆತವ (ಉಡುಪಿ)

ಮೊದಲು ಶೋರೂಮಿಗೆ ಹೋಗುವುದನ್ನು ಬಿಡಿ ಅಕ್ಕ. ಅಲ್ಲಿ ಕಾಲಿಟ್ಟರೆ ನಲ್ವತ್ತು ಸಾವಿರ ಹೋಯಿತು ಎಂದೇ ಲೆಕ್ಕ.

ಪೈಪ್_ಪಂಡಿತ (ಉಡುಪಿ)

ಮೇಡಂ, ನಾನು ಪ್ಲಂಬಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಕಂಟ್ರಾಕ್ಟರ್ ಯಾರೂ ಇದನ್ನು ಹೇಳುವುದಿಲ್ಲ. ಯಾಕೆಂದರೆ ಇದರಲ್ಲಿ ಅವರಿಗೆ ಏನೂ ಇಲ್ಲ.

ಒಂದು, ಫ್ಲಶ್ ಟ್ಯಾಂಕ್. ರಾತ್ರಿ ಎಲ್ಲರೂ ಮಲಗುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದು ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ. ಯಾರೂ ಫ್ಲಶ್ ಮಾಡಬಾರದು. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ಕಮೋಡಿನ ಒಳಗೆ ನೋಡಿ. ಹಿಂದಿನ ಗೋಡೆಯಲ್ಲಿ ನೀಲಿ ಗೆರೆ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಹೋಗಿದೆ ಎಂದು ಅರ್ಥ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ನೀರು ಹೋಗುತ್ತಾ ಇರುತ್ತದೆ. ರಬ್ಬರಿಗೆ ನೂರು ರೂಪಾಯಿ ಆಚೆ ಈಚೆ, ಅಷ್ಟೇ.

ಎರಡು, ಶವರ್ ಮತ್ತು ನಲ್ಲಿ. 20 ಲೀಟರಿನ ಬಕೆಟ್ ಇಟ್ಟು ಶವರ್ ಪೂರ್ತಿ ಬಿಡಿ, ಮೊಬೈಲಿನಲ್ಲಿ ಸಮಯ ನೋಡಿ. 100 ಸೆಕೆಂಡಿನಲ್ಲಿ ಬಕೆಟ್ ತುಂಬಿದರೆ ನಿಮಿಷಕ್ಕೆ 12 ಲೀಟರ್. ಅಂದರೆ ಒಬ್ಬರು ಹತ್ತು ನಿಮಿಷ ಶವರಿನ ಕೆಳಗೆ ನಿಂತರೆ ಆರು ಬಕೆಟ್ ಖಾಲಿ.

ಮೂರು, ನೆಲ. ಒಂದು ಚೊಂಬು ನೀರು ಬಾಗಿಲ ಹತ್ತಿರ ಚೆಲ್ಲಿ. ಎಲ್ಲಿಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿ. ಟಣ್ ಎಂದರೆ ಗಟ್ಟಿ, ಡೊಬ್ ಎಂದರೆ ಒಳಗೆ ಟೊಳ್ಳು. ಟೊಳ್ಳಾದದ್ದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ.

ಇದು ಗೊತ್ತಾದ ಮೇಲೆ ಮಾತಾಡೋಣ.

ಬಿಜೈ_ಬಾವಿಕಟ್ಟೆ

ಅಬ್ಬಾ, ನೀಲಿ ಗೆರೆ ಒಂದಲ್ಲ, ಎರಡು! ಅತ್ತೆ ಬಂದು “ಇದೆಂತ ಕಮೋಡಿಗೆ ಬಣ್ಣ ಹಾಕಿದ್ದು” ಎಂದು ಕೇಳಿದರು. ಶವರ್ 85 ಸೆಕೆಂಡಿಗೆ ಬಕೆಟ್ ತುಂಬಿತು. ಗೋಡೆ ಟೈಲ್ ಹೆಚ್ಚಿನವು ಗಟ್ಟಿ ಉಂಟು. ನೆಲದಲ್ಲಿ ಕಮೋಡಿನ ಸುತ್ತ ಮತ್ತು ಆ ಮೂಲೆಯಲ್ಲಿ ಮಾತ್ರ ಡೊಬ್ ಡೊಬ್. ನೀರು ಮೋರಿ ಕಡೆಗೆ ಹೋಗುವ ಬದಲು ಬಾಗಿಲ ಕಡೆಗೇ ಬರುತ್ತದೆ. ಬಾಗಿಲು ಕುಂಬಾದದ್ದು ಯಾಕೆ ಎಂದು ಈಗ ತಿಳಿಯಿತು.

ಪೈಪ್_ಪಂಡಿತ

ಹಾಗಾದರೆ ಗೋಡೆ ಒಡೆಯುವುದು ಬೇಡವೇ ಬೇಡ. ನೆಲ ಮಾತ್ರ ತೆಗೆಯಬೇಕು.

ನಿಮ್ಮ ಕೆಂಪು ನೀರಿಗೆ ಎರಡು ಕಾರಣ ಇರಬಹುದು. ನಮ್ಮ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದು ಮಾಮೂಲು. ಜೊತೆಗೆ ನೀರು ಸ್ವಲ್ಪ ಹುಳಿ ಗುಣದ್ದು. ಕುಡಿಯುವಾಗ ಗೊತ್ತಾಗುವುದಿಲ್ಲ, ಆದರೆ ಹಳೇ ಜಿಐ ಪೈಪನ್ನು, ಅಂದರೆ ಸತು ಬಳಿದ ಕಬ್ಬಿಣದ ಪೈಪನ್ನು, ಒಳಗಿನಿಂದಲೇ ತಿನ್ನುತ್ತದೆ. ಬೆಳಿಗ್ಗೆ ಮೊದಲ ನೀರು ಮಾತ್ರ ಕೆಂಪಾಗಿ ಬಂದು ಆಮೇಲೆ ತಿಳಿಯಾದರೆ ತಪ್ಪು ಪೈಪಿನದ್ದು. ಇಡೀ ದಿನ ಕೆಂಪಾದರೆ ಬಾವಿಯದ್ದು. ನಿಮ್ಮದು ಪೈಪೇ.

ಹಳೇ ಜಿಐ ಪೈಪನ್ನು ಗೋಡೆ ಅಗೆದು ತೆಗೆಯುವುದು ಬೇಡ. ಅದನ್ನು ಅಲ್ಲೇ ಬಿಟ್ಟು ಬಾಯಿ ಮುಚ್ಚಿ. ಹೊಸ ಲೈನನ್ನು ಗೋಡೆಯ ಹೊರಗಿನಿಂದ, ಬಾವಿ ಕಡೆಯ ಪ್ಯಾಸೇಜಿನಲ್ಲಿ ಕ್ಲ್ಯಾಂಪ್ ಹಾಕಿ ತನ್ನಿ. ನಲ್ಲಿ ಇರುವಲ್ಲಿ ಮಾತ್ರ ಒಂದೊಂದು ತೂತು. ಚಂದ ಕಾಣುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಹೇಳಲಿ ಬಿಡಿ. ಮುಂದೆ ಲೀಕ್ ಆದರೆ ಕಣ್ಣಿಗೆ ಕಾಣುತ್ತದೆ, ಯಾರೂ ಟೈಲ್ ಒಡೆಯಬೇಕಾಗಿಲ್ಲ. ಗೀಸರಿನಿಂದ ಬರುವ ಬಿಸಿನೀರಿನ ಲೈನಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್ ಸಿಪಿವಿಸಿಯೇ ಹಾಕಿಸಿ. ಯುಪಿವಿಸಿ ತಣ್ಣೀರಿಗೆ ಮಾತ್ರ. ಕಡಿಮೆಗೆ ಆಗುತ್ತದೆ ಎಂದು ಬಿಸಿ ಲೈನಿಗೂ ಅದನ್ನೇ ಹಾಕುವವರಿದ್ದಾರೆ, ಸ್ವಲ್ಪ ಸಮಯದಲ್ಲಿ ಅದು ಸೊಟ್ಟಗಾಗಿ ಜಾಯಿಂಟ್ ಬಿಡುತ್ತದೆ.

ಕಟಪಾಡಿ_ಅಕ್ಕ (ಉಡುಪಿ ಜಿಲ್ಲೆ)

ಗೋಡೆ ವಿಷಯಕ್ಕೆ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಹಳೇ ಬಿಳಿ ಟೈಲಿನ ಮೇಲೇ ಹೊಸ ಟೈಲ್ ಅಂಟಿಸಿದ್ದು. ಟೈಲ್ ಮೇಲೆ ಟೈಲ್ ಹಾಕುವುದಕ್ಕೇ ಬೇರೆ ಗಮ್ ಬರುತ್ತದೆ, ಚೀಲದ ಮೇಲೆ ಹಾಗೆಂದು ಬರೆದಿರುತ್ತದೆ. ಸಿಮೆಂಟ್ ಹಾಲು ಬಳಿದು ಅಂಟಿಸುತ್ತೇನೆ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ, ಅದು ನಯವಾದ ಟೈಲಿನ ಮೇಲೆ ಕಚ್ಚುವುದೇ ಇಲ್ಲ. ಹಳೇ ಟೈಲನ್ನು ಸೋಪು ಎಣ್ಣೆಯ ಜಿಡ್ಡು ಹೋಗುವ ಹಾಗೆ ಉಜ್ಜಿ, ಗ್ರೈಂಡರಿನಲ್ಲಿ ಅಲ್ಲಲ್ಲಿ ಗೀರು ಹಾಕಿ, ಆಮೇಲೆ ಅಂಟಿಸಬೇಕು. ಟೊಳ್ಳು ಇರುವ ಟೈಲನ್ನು ಮಾತ್ರ ಮೊದಲೇ ಕಿತ್ತು ತುಂಬಿಸಬೇಕು.

ಉಳಿತಾಯ ಎಲ್ಲಿ ಅಂದರೆ, ಒಡೆಯುವ ಕೂಲಿ ಇಲ್ಲ, ಮಣ್ಣು-ಕಲ್ಲು ಹೊರಗೆ ಸಾಗಿಸುವ ಟೆಂಪೋ ಬಾಡಿಗೆ ಇಲ್ಲ, ಮತ್ತೆ ಗಾರೆ ಮಾಡುವ ಸಿಮೆಂಟ್ ಮರಳು ಇಲ್ಲ. ಒಡೆದ ಟೈಲ್ ರಾಶಿಯನ್ನು ಜನ ಎಲ್ಲಿ ಹಾಕುತ್ತಾರೆ ಹೇಳಿ? ಯಾವುದಾದರೂ ಗದ್ದೆ ಬದಿಗೆ, ತೋಡಿಗೆ. ಪರಿಸರ ಪರಿಸರ ಎಂದು ಹೇಳಿ ಅರ್ಧ ಲೋಡು ಕಸ ತೋಡಿಗೆ ಸುರಿದರೆ ಎಂತ ಬಂತು ಮಾರಾಯ್ರೆ?

ನಿಜ ಹೇಳಬೇಕೆಂದರೆ ನಿಮಗೆ ಗೋಡೆಗೆ ಹೊಸ ಟೈಲೂ ಬೇಡ ಅನ್ನಿಸುತ್ತದೆ. ಟೈಲ್ ಗಟ್ಟಿ ಇದ್ದರೆ ಸಂದಿನ ಹಳೇ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ. ಬೆಲೆ ಜಾಸ್ತಿ ಹೌದು. ಆದರೆ ಅದು ನೀರು ಕುಡಿಯುವುದಿಲ್ಲ, ಜುಲೈಯಲ್ಲಿ ಸಂದು ಸಂದಿನಲ್ಲಿ ಕಪ್ಪು ಬೂಸು ಹಿಡಿಯುವುದು ತಪ್ಪುತ್ತದೆ. ಹಳೇ ಬಿಳಿ ಟೈಲ್ ಹೊಸ ಗ್ರೌಟಿನಲ್ಲಿ ಎಷ್ಟು ಚಂದ ಕಾಣುತ್ತದೆ ಎಂದು ಮಾಡಿಸಿದ ಮೇಲೆಯೇ ಗೊತ್ತಾಗುವುದು.

ಮತ್ತೆ ಕಲೆಗೆ ಆ್ಯಸಿಡ್ ಸುರಿಯಬೇಡಿ, ಗ್ರೌಟ್ ತಿಂದು ಹಾಕುತ್ತದೆ. ಕೆಂಪು ಕಲೆಗೆ ಬಿಂಬುಳಿ ಕಾಯಿ ಅರ್ಧ ಕತ್ತರಿಸಿ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಿತ್ತಲಲ್ಲಿ ಮರ ಇಲ್ಲದ ಮನೆ ನಮ್ಮೂರಲ್ಲಿ ಕಡಿಮೆ, ಕಾಯಿ ಬಿದ್ದು ಕೊಳೆಯುವುದೇ ಜಾಸ್ತಿ.

ಕದ್ರಿ_ಫ್ಲ್ಯಾಟ್_304 (ಮಂಗಳೂರು)

ಬಿಂಬುಳಿ ನಿಜಕ್ಕೂ ಕೆಲಸ ಮಾಡುತ್ತದೆ. ಅಮ್ಮ ದೀಪ ತಿಕ್ಕಲೂ ಅದನ್ನೇ ಹಾಕುತ್ತಿದ್ದರು.

ಲೆಕ್ಕದ_ಮನುಷ್ಯ (ಸುರತ್ಕಲ್)

ಬೇಜಾರು ಮಾಡಬೇಡಿ, ಸ್ವಲ್ಪ ತಣ್ಣೀರು ಎರಚುತ್ತೇನೆ. ನೀರು ಉಳಿಸಿದರೆ ದುಡ್ಡು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕೋಣ.

ಹಳೇ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಬಿಡುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಜನ, ತಲಾ ಐದು ಸಲ, ದಿನಕ್ಕೆ 200 ಲೀಟರ್. ಈಗ ಬರುವ ಎರಡು ಬಟನಿನ ಟ್ಯಾಂಕ್ ಸಣ್ಣದಕ್ಕೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್. ಹದಿನಾರು ಸಣ್ಣದು, ನಾಲ್ಕು ದೊಡ್ಡದು ಎಂದರೆ 72 ಲೀಟರ್. ದಿನಕ್ಕೆ 128 ಲೀಟರ್ ಉಳಿತಾಯ. ವರ್ಷಕ್ಕೆ 46 ಸಾವಿರ ಲೀಟರ್ ಮೇಲೆ. ಕೇಳಲು ದೊಡ್ಡದು.

ಆದರೆ ಅಷ್ಟು ನೀರನ್ನು ಬಾವಿಯಿಂದ ಮೇಲೆತ್ತಲು ಎಷ್ಟು ಕರೆಂಟು? ಒಂದು ಎಚ್‌ಪಿ ಪಂಪು ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಗಂಟೆಗೆ ಎರಡೂವರೆ ಸಾವಿರ ಲೀಟರ್ ಎತ್ತಿದರೂ ವರ್ಷದ ಉಳಿತಾಯ 19 ಯೂನಿಟ್. ನೂರು ಚಿಲ್ಲರೆ ರೂಪಾಯಿ. ಹೊಸ ಕಮೋಡಿಗೆ ಏಳೆಂಟು ಸಾವಿರ ಹಾಕಿ ವರ್ಷಕ್ಕೆ ನೂರು ರೂಪಾಯಿ ಉಳಿಸುವುದನ್ನು ಉಳಿತಾಯ ಎನ್ನಬಹುದಾ?

ಕದ್ರಿ_ಫ್ಲ್ಯಾಟ್_304

ಅದು ನಿಮ್ಮ ಬಾವಿ ಲೆಕ್ಕ. ಫ್ಲ್ಯಾಟಿನವರ ಲೆಕ್ಕ ಬೇರೆ. ಏಪ್ರಿಲ್ ಮೇಯಲ್ಲಿ ನಮಗೆ ಬರುವುದು ಟ್ಯಾಂಕರ್. ಆಗ ಒಂದೊಂದು ಲೀಟರಿಗೂ ದುಡ್ಡು ಕೊಟ್ಟಾಗಿರುತ್ತದೆ. ನಾವು ಅಸೋಸಿಯೇಷನ್ ಕಡೆಯಿಂದ ಎಲ್ಲ ಫ್ಲ್ಯಾಟಿನ ನಲ್ಲಿಗೂ ನೊರೆ ನೀರಿನ ಜಾಲರಿ ಹಾಕಿಸಿದೆವು, ಅದೇ ಏರೇಟರ್. ಒಂದಕ್ಕೆ ನೂರರಿಂದ ಇನ್ನೂರು. ಬೆರಳಿನಲ್ಲೇ ತಿರುಗಿಸಿ ಹಾಕುವಂಥದ್ದು. ನಲ್ಲಿಯಿಂದ ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಬರುತ್ತಿದ್ದದ್ದು ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೈ ತೊಳೆಯುವವರಿಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಯುವುದು ಕಡಿಮೆಯಾದದ್ದು ಎಲ್ಲರಿಗೂ ಕಂಡಿತು.

ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಹಾಕಬೇಡಿ. ಬಕೆಟಿಗೆ ಬೇಕಾದ ನೀರು ಬೇಕೇ ಬೇಕು, ಅಲ್ಲಿ ಸುಮ್ನೆ ಕಾಯಬೇಕಾಗುತ್ತದೆ.

ಅಂಬಲಪಾಡಿ_ಗಾಳಿ (ಉಡುಪಿ)

ಲೆಕ್ಕದವರೇ, ಪಿಟ್ ಮರೆತಿರಿ. ನಮ್ಮ ಕಡೆ ಒಳಚರಂಡಿ ಇಲ್ಲ. ಕಮೋಡಿನ ನೀರೆಲ್ಲ ಅಂಗಳದ ಗುಂಡಿಗೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಗುಂಡಿ ಕುಡಿಯುವುದೇ ಇಲ್ಲ, ಫ್ಲಶ್ ಮಾಡಿದರೆ ಗುಳುಗುಳು ಎನ್ನುತ್ತದೆ. ದಿನಕ್ಕೆ 128 ಲೀಟರ್ ಕಡಿಮೆ ಹೋದರೆ ಆ ಗುಂಡಿಗೆ ಎಷ್ಟು ಹಗುರ ನೋಡಿ. ಪಿಟ್ ಖಾಲಿ ಮಾಡುವ ಲಾರಿಯನ್ನು ಒಂದು ಸಲ ಕರೆದರೆ ನಿಮ್ಮ ಆ ನೂರು ರೂಪಾಯಿ ಎಷ್ಟು ವರ್ಷದ್ದು ಹೋಗುತ್ತದೆ? ಪಕ್ಕದ ಮನೆಯ ಬಾವಿಯೂ ಹತ್ತಿರವೇ ಇರುತ್ತದೆ, ಅದೂ ಒಂದು ವಿಷಯ.

2019ರಲ್ಲಿ ಸ್ವರ್ಣೆ ಹೊಳೆ ಬತ್ತಿ ಬಜೆ ಡ್ಯಾಮಿನ ತಳ ಕಂಡಾಗ ಉಡುಪಿಯಲ್ಲಿ ನೀರಿಗೆ ಯಾರೂ ರೂಪಾಯಿ ಲೆಕ್ಕ ಹಾಕಿರಲಿಲ್ಲ. ನೀರು ಉಂಟಾ ಇಲ್ವಾ, ಅಷ್ಟೇ ಇದ್ದದ್ದು.

ಲೆಕ್ಕದ_ಮನುಷ್ಯ

ಪಿಟ್ ವಿಷಯ ಒಪ್ಪಿದೆ. ಬಿಜೈಯವರಿಗೆ ಒಳಚರಂಡಿ ಇದ್ದರೆ ಅನ್ವಯಿಸುವುದಿಲ್ಲ.

ಪೈಪ್_ಪಂಡಿತ

ಕಮೋಡ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಳೇ ಕಮೋಡ್ ಇಟ್ಟುಕೊಂಡು ಮೇಲಿನ ಟ್ಯಾಂಕ್ ಮಾತ್ರ ಎರಡು ಬಟನಿನದ್ದು ಹಾಕಿಸಿದರೆ ಎಲ್ಲ ಸಲವೂ ಲಾಭ ಆಗುವುದಿಲ್ಲ. ಆ ಕಮೋಡಿನ ಹೊಟ್ಟೆ ಹತ್ತು ಲೀಟರ್ ನೀರಿಗೆ ಎಂದೇ ಮಾಡಿದ್ದು. ಆರು ಲೀಟರಿಗೆ ಸರಿಯಾಗಿ ಹೋಗುವುದಿಲ್ಲ. ಆಗ ಜನ ಎರಡು ಸಲ ಒತ್ತುತ್ತಾರೆ. ಹನ್ನೆರಡು ಲೀಟರ್ ಆಯಿತಲ್ವಾ? ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿ ಇಡುವ ಉಪಾಯವೂ ಅಷ್ಟೇ. ಒಂದು ಲೀಟರಿನದ್ದು ಇಟ್ಟು ನೋಡಿ. ಒಂದೇ ಫ್ಲಶ್‌ಗೆ ಹೋದರೆ ಇರಲಿ, ಇಲ್ಲದಿದ್ದರೆ ತೆಗೆಯಿರಿ. ಇಟ್ಟಿಗೆ, ಕೆಂಪು ಕಲ್ಲಿನ ತುಂಡು ಇಡುವವರು ಉಂಟು. ಬೇಡ. ಅದು ಕರಗಿ ಪುಡಿ ಬಂದು ರಬ್ಬರಿನ ಕೆಳಗೆ ಕೂರುತ್ತದೆ, ಮತ್ತೆ ಅದೇ ನೀಲಿ ಗೆರೆ.

ನೀವು ಹೇಗೂ ನೆಲ ಒಡೆಯುತ್ತೀರಿ, ಹಾಗಾಗಿ ಕಮೋಡ್ ಟ್ಯಾಂಕ್ ಎರಡೂ ಸೇರಿದ ಹೊಸ ಸೆಟ್ಟೇ ತೆಗೆದುಕೊಳ್ಳಿ. ಅಂಗಡಿಗೆ ಹೋಗುವ ಮುಂಚೆ ಹಿಂದಿನ ಗೋಡೆಯಿಂದ ನೆಲದ ಪೈಪಿನ ನಡುವಿಗೆ ಎಷ್ಟು ಇಂಚು ಎಂದು ಅಳೆದು ಬರೆದುಕೊಳ್ಳಿ. ನಾಲ್ಕು, ಒಂಬತ್ತು, ಹನ್ನೆರಡು ಇಂಚಿನವು ಬರುತ್ತವೆ. ಅಳತೆ ತಪ್ಪಿದರೆ ಕಮೋಡಿಗಾಗಿ ಪೈಪ್ ಸರಿಸಬೇಕು, ಅಲ್ಲಿಗೆ ಐದು ಸಾವಿರ ಸುಮ್ನೆ ಹೋಯಿತು.

ಮೆಸ್ಕಾಂ_ಬಿಲ್ (ಕುಲಶೇಖರ)

ಈಗ ಸೋಲಾರ್ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯ ಕೇಳಿದರೆ, ಬಾತ್‌ರೂಮಿನಲ್ಲಿ ನಿಜವಾಗಿ ದುಡ್ಡು ಹೋಗುವುದು ಬಿಸಿನೀರಿಗೆ. ಆದರೆ ಕರಾವಳಿಯ ಲೆಕ್ಕ ಬೆಂಗಳೂರಿನ ಲೆಕ್ಕ ಅಲ್ಲ.

ನಮ್ಮ ಟ್ಯಾಂಕಿನ ನೀರು 27 ಡಿಗ್ರಿ ಆಚೆ ಈಚೆ ಇರುತ್ತದೆ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರ್ ನೀರನ್ನು 13 ಡಿಗ್ರಿ ಏರಿಸಲು ಬೇಕಾದದ್ದು 0.3 ಯೂನಿಟ್. ನಾಲ್ಕು ಜನಕ್ಕೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಯೂನಿಟಿಗೆ 6 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಇನ್ನೂರ ಹದಿನಾರು. ನೂರು ಲೀಟರಿನ ಸೋಲಾರಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಆಗುತ್ತದೆ. ಅದು ಬಿಸಿಲಿರುವಾಗ ಕೆಲಸ ಮಾಡುತ್ತದೆ. ನಮಗೆ ಬಿಸಿನೀರು ಬೇಕೆನಿಸುವುದು ಯಾವಾಗ? ಜೂನ್, ಜುಲೈ, ಆಗಸ್ಟ್, ಹೊರಗೆ ಧೋ ಎಂದು ಸುರಿಯುವಾಗ. ಆಗ ಸೋಲಾರಿಗೆ ಬಿಸಿಲೇ ಇಲ್ಲ, ಒಳಗಿನ ಕರೆಂಟ್ ಕಾಯಿಲೇ ಗತಿ. ಏಪ್ರಿಲ್ ಮೇಯಲ್ಲಿ ಬಿಸಿಲು ಬೇಕಾದಷ್ಟು, ಬಿಸಿನೀರು ಯಾರಿಗೆ ಬೇಕು? ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನ ನೀರೇ ಮೈ ಸುಡುತ್ತದೆ. ಹಾಕಿದ ದುಡ್ಡು ತಿರುಗಿ ಬರಲು ಹನ್ನೆರಡು ವರ್ಷದ ಮೇಲೆ ಬೇಕು. ಅಷ್ಟರೊಳಗೆ ಉಪ್ಪು ಗಾಳಿಗೆ ಸ್ಟ್ಯಾಂಡು ತುಕ್ಕು ಹಿಡಿದಿರುತ್ತದೆ. ಮನೆಯಲ್ಲಿ ಹತ್ತು ಜನ ಇದ್ದರೆ, ಹೋಮ್‌ಸ್ಟೇ ಇದ್ದರೆ ಬೇರೆ ಮಾತು.

ಇನ್ನು ಗೃಹಜ್ಯೋತಿ. 2023ರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಬಿಲ್ ಸೊನ್ನೆ. ಹಿಂದಿನ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ತನಕ, 200 ಯೂನಿಟಿನ ಒಳಗೆ. ಅಂಥವರಿಗೆ ಕರೆಂಟ್ ಉಳಿಸಿದರೂ ಕೈಗೆ ದುಡ್ಡು ಬರುವುದಿಲ್ಲ. ಆದರೆ 190, 195 ಯೂನಿಟಿನಲ್ಲಿ ತೂಗುವವರಿಗೆ ಗೀಸರಿನ ಹತ್ತು ಯೂನಿಟ್ ದೊಡ್ಡ ವಿಷಯ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಬಿಲ್ ತೆಗೆದು ಮೊದಲು ಎಷ್ಟು ಯೂನಿಟ್ ಎಂದು ನೋಡಿ ಅಕ್ಕ.

ನಾನು ಹೇಳುವುದು ಇಷ್ಟೇ: ಇರುವ ಗೀಸರಿನ ಥರ್ಮೋಸ್ಟಾಟನ್ನು 60ರಿಂದ 50ಕ್ಕೆ ಇಳಿಸಿ. ಬೆಳಿಗ್ಗೆ ಹಾಕಿ ಮಧ್ಯಾಹ್ನದ ತನಕ ಆನ್ ಬಿಡುವ ಅಭ್ಯಾಸ ನಿಲ್ಲಿಸಿ. ಒಳಗೆ ಮೆಗ್ನೀಷಿಯಂ ರಾಡ್ ಒಂದು ಇರುತ್ತದೆ, ಟ್ಯಾಂಕ್ ತೂತು ಬೀಳದಂತೆ ತಾನು ಸವೆಯುವುದೇ ಅದರ ಕೆಲಸ. ಸರ್ವಿಸ್ ಮಾಡಿಸಿ ಅದನ್ನು ಬದಲಿಸಿದರೆ ಹಳೇ ಗೀಸರ್ ಇನ್ನಷ್ಟು ವರ್ಷ ಬರುತ್ತದೆ.

ಕೊಡೆ_ಮರೆತವ

ಗ್ಯಾಸ್ ಗೀಸರ್ ಹೇಗೆ? ಇನ್ನೂ ಕಡಿಮೆ ಅಲ್ವಾ?

ಮೆಸ್ಕಾಂ_ಬಿಲ್

ಕಿಟಕಿ ಮುಚ್ಚಿದ ಬಾತ್‌ರೂಮಿನ ಒಳಗೆ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಹಾಕುವುದೇ ಆದರೆ ಹೊರಗಿನ ಗೋಡೆಗೆ.

ಪೆರ್ಡೂರು_ಹಂಡೆ (ಉಡುಪಿ ಜಿಲ್ಲೆ)

ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೆ? ನಿಮ್ಮ ಹಿಂದಿನ ಬಚ್ಚಲಲ್ಲಿ ಹಂಡೆ ಇತ್ತು ಎಂದಿರಲ್ವಾ, ಒಲೆ ಇನ್ನೂ ಉಂಟಾ? ನಮ್ಮಲ್ಲಿ ಇವತ್ತಿಗೂ ತಾಮ್ರದ ಹಂಡೆಯೇ. ಮಡಲು, ಗೆರಟೆ, ತೆಂಗಿನ ಸಿಪ್ಪೆ, ಬಿದ್ದದ್ದನ್ನೆಲ್ಲ ಹಾಕಿದರಾಯಿತು. ಮಳೆಗಾಲದಲ್ಲಿ ಬೆಳಿಗ್ಗೆ ಹೊತ್ತಿಸಿದ ಬೆಂಕಿಗೆ ಮಧ್ಯಾಹ್ನದ ತನಕ ನೀರು ಬಿಸಿ. ಒದ್ದೆ ಬಟ್ಟೆ, ಮಕ್ಕಳ ಯೂನಿಫಾರಂ ಕೂಡ ಅಲ್ಲೇ ಒಣಗುತ್ತದೆ. ನೀರು ತುಂಬುವ ಹಬ್ಬದ ದಿನ ಗೀಸರಿಗೆ ಹೂ ಮುಡಿಸುತ್ತೀರಾ ನೀವು?

ಬಿಜೈ_ಬಾವಿಕಟ್ಟೆ

ಅಣ್ಣ, ಅತ್ತೆಗೆ ನಿಮ್ಮ ಮಾತು ಓದಿ ಹೇಳಿದೆ, ಬಹಳ ಖುಷಿಯಾಯಿತು. ಒಲೆ ಉಂಟು, ಹಂಡೆಯೂ ಅಟ್ಟದಲ್ಲಿ ಉಂಟು. ಆದರೆ ಎರಡೂ ಬದಿಯಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಹೊಗೆ ಹೋದರೆ ಮೇಲಿನಿಂದ ಕಿಟಕಿ ಬಡಿಯುವ ಸದ್ದು ಕೇಳುತ್ತದೆ.

ಪೆರ್ಡೂರು_ಹಂಡೆ

ಹಾಗಾದರೆ ಕಷ್ಟ. ಹಂಡೆ ಮಾರಬೇಡಿ ಮಾತ್ರ, ಗುಜರಿಯವರು ತೂಕಕ್ಕೆ ಕೇಳುತ್ತಾರೆ.

ಕಟಪಾಡಿ_ಅಕ್ಕ

ಹಿಂದಿನ ಬಚ್ಚಲು ಹಂಚಿನ ಮಾಡು ಅಂದಿರಿ. ಎರಡು ಹಂಚು ತೆಗೆದು ಕನ್ನಡಿ ಹಂಚು ಹಾಕಿಸಿ. ಹಗಲು ಲೈಟ್ ಬೇಡ, ಬಿಸಿಲು ಬಿದ್ದರೆ ಬೂಸೂ ಕಡಿಮೆ. ನನ್ನನ್ನು ಕೇಳಿದರೆ ಅತ್ತೆಯ ಸ್ನಾನವನ್ನೇ ಅಲ್ಲಿಗೆ ಬದಲಿಸುತ್ತಿದ್ದೆ. ಅಂಗಳದ ಮಟ್ಟದಲ್ಲೇ ಇದ್ದರೆ ಮೆಟ್ಟಿಲೂ ಇಲ್ಲ. ನೆಲಕ್ಕೆ ಕಾರ್ಕಳ ಕಲ್ಲು, ಪಾಲಿಶ್ ಮಾಡದೆ ಒರಟಾಗಿ ಇರುವುದನ್ನು ಹಾಕಿದರೆ ಸೋಪು ನೀರಿನಲ್ಲೂ ಕಾಲು ಜಾರುವುದಿಲ್ಲ. ಕಲ್ಲಿನ ಡಿಪೋದಲ್ಲಿ ತುಂಡು ಉಳಿದದ್ದು ಕೇಳಿ, ಸಣ್ಣ ಬಚ್ಚಲಿಗೆ ಅದೇ ಸಾಕು. ಗೋಡೆಗೆ ಸ್ಟೀಲಿನ ಹಿಡಿ ಎರಡು. ಆದರೆ ಬರೇ ಗಾರೆಯಲ್ಲಿ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ, ಕಲ್ಲಿನ ಒಳಗೆ ಉದ್ದ ಬೋಲ್ಟ್ ಹೋಗಬೇಕು. ಅವರು ಹಿಡಿದು ಏಳುವಾಗ ಪೂರ್ತಿ ಭಾರ ಅದರ ಮೇಲೆ.

ಬಾಗಿಲಿಗೆ ಮರ ಬೇಡ. ಒರಲೆ, ಕುಂಬು, ಮಳೆಗಾಲದಲ್ಲಿ ಉಬ್ಬಿ ಹಾಕಲು ಬಾರದಿರುವುದು, ಇಷ್ಟು ಸಾಕಲ್ವಾ? ಫೈಬರ್ ಬಾಗಿಲು ಹಾಕಿಸಿ, ಕೆಳಗೆ ಅರ್ಧ ಇಂಚು ಸಂದು ಬಿಡಿಸಿ. ಮೇಲೆ ಎಗ್ಸಾಸ್ಟ್ ಫ್ಯಾನ್ ಇದ್ದರೆ ಆ ಸಂದಿನಿಂದ ಗಾಳಿ ಎಳೆಯುತ್ತದೆ. ಸಂದು ಇಲ್ಲದೆ ಫ್ಯಾನ್ ಹಾಕಿದರೆ ಬರೇ ಶಬ್ದ.

ಬಸಳೆ_ಚಪ್ಪರ (ಮೂಡುಬಿದಿರೆ)

ಸ್ನಾನದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲವಲ್ಲ! ಮೊದಲೆಲ್ಲ ಬಚ್ಚಲ ನೀರು ನೇರ ಬಾಳೆ ಬುಡಕ್ಕೆ, ಬಸಳೆಗೆ, ಕೆಸುವಿಗೆ. ಹಿಂದಿನ ಬಚ್ಚಲಿನ ಪೈಪನ್ನು ಕಮೋಡಿನ ಲೈನಿಗೆ ಸೇರಿಸಬೇಡಿ, ಬೇರೆಯೇ ಇಡಿ. ದಿನಕ್ಕೆ ನೂರು ಲೀಟರ್ ನೀರು ತೆಂಗಿಗೆ ಸಿಕ್ಕಿದರೆ ಬೇಸಿಗೆಯಲ್ಲಿ ಬಾವಿಯಿಂದ ಅಷ್ಟು ಎತ್ತುವುದು ತಪ್ಪುತ್ತದೆ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಅಲ್ಲಿ ಹಾಕಬಾರದು ಅಷ್ಟೇ.

ವಾರ್ಡಿನ_ಅಕ್ಕ (ಮಂಗಳೂರು)

ನಾನು ಮನೆಮನೆಗೆ ಲಾರ್ವಾ ನೋಡಲು ಹೋಗುವವಳು. ನೀರು ಗಿಡಕ್ಕೆ ಬಿಡಿ, ನಿಲ್ಲಲು ಬಿಡಬೇಡಿ. ಮಲೇರಿಯಾ ನಮ್ಮ ಊರಿಗೆ ಹೊಸತಲ್ಲ, 2019ರ ಡೆಂಗ್ಯೂ ಯಾರೂ ಮರೆತಿಲ್ಲ. ಒಂದು ವಾರ ಹತ್ತು ದಿನ ನೀರು ನಿಂತರೆ ಸೊಳ್ಳೆ ಎದ್ದಾಯಿತು. ಸ್ನಾನದ ನೀರನ್ನು ಫ್ಲಶ್‌ಗೆ ಬೇಕೆಂದು ಡ್ರಮ್ಮಿನಲ್ಲಿ ಹಿಡಿದಿಡುವವರು ಇದ್ದಾರೆ, ಮುಚ್ಚಳ ಅರ್ಧ ತೆರೆದಿರುತ್ತದೆ. ಅದಕ್ಕಿಂತ ಇಂಗುಗುಂಡಿ ಮಾಡಿ, ಜಲ್ಲಿ ತುಂಬಿಸಿ, ಅದರ ಬದಿಯಲ್ಲಿ ಬಾಳೆ ನೆಡಿ. ಮೇಲೆ ನೀರು ಕಾಣಲೇಬಾರದು. ಬಳಸದೆ ಬಿಟ್ಟ ಬಾತ್‌ರೂಮಿನ ಮೋರಿಯನ್ನೂ ನೋಡಿಕೊಳ್ಳಿ. ನಹನಿ ಟ್ರ್ಯಾಪಿನ ನೀರು ಒಣಗಿದರೆ ಜಿರಳೆ, ವಾಸನೆ ಎರಡೂ ಮೇಲೆ ಬರುತ್ತವೆ.

ಲೆಕ್ಕದ_ಮನುಷ್ಯ

ಮಳೆನೀರು ಹಿಡಿದು ಬಾತ್‌ರೂಮಿಗೆ ಬಿಡುವುದು? ಸಾವಿರ ಚದರಡಿ ಮಾಡಿನ ಮೇಲೆ ನಮ್ಮ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಎಂದರೆ, ಹಾಳಾದದ್ದು ಕಳೆದೂ ಎರಡೂವರೆ ಲಕ್ಷ ಲೀಟರ್ ಮೇಲೆ ಬರುತ್ತದೆ.

ಪೈಪ್_ಪಂಡಿತ

ಬರುತ್ತದೆ, ಆದರೆ ಬಾವಿ ಕೈಗೆಟುಕುವಷ್ಟು ತುಂಬಿದ ಸಮಯಕ್ಕೇ ಬರುತ್ತದೆ. ಮೇ ತನಕ ಅದನ್ನು ಹಿಡಿದಿಡಲು ಟ್ಯಾಂಕ್ ಕಟ್ಟಿದರೆ ಬಾತ್‌ರೂಮಿಗಿಂತ ಟ್ಯಾಂಕೇ ದುಬಾರಿ. ಬಾವಿಗೆ ಸೋಸಿ ಬಿಡುವುದು ಒಳ್ಳೆಯದೇ, ಮಾಡಿ. ಆದರೆ ಗುಡ್ಡದ ಮೇಲಿನ ಮುರಕಲ್ಲಿನಲ್ಲಿ ಬಿಟ್ಟ ನೀರು ಕೆಳಗಿನ ಬೈಲಿನವರ ಬಾವಿಗೆ ಇಳಿಯುವುದೇ ಜಾಸ್ತಿ. ಪುಣ್ಯ ಬರುತ್ತದೆ. ಎಂಬತ್ತು ಸಾವಿರದ ಬಜೆಟಿನಲ್ಲಿ ಅದಕ್ಕೆ ಜಾಗ ಇಲ್ಲ.

ಬಿಜೈ_ಬಾವಿಕಟ್ಟೆ

ಎಲ್ಲರ ಮಾತು ಕೇಳಿ ಯಜಮಾನರ ಹತ್ತಿರ ಕೂತು ಪಟ್ಟಿ ಮಾಡಿದೆವು. ಒಳಗಿನದ್ದು: ನೆಲ ಮಾತ್ರ ತೆಗೆದು ಇಳಿಜಾರು ಸರಿ ಮಾಡಿ ಮ್ಯಾಟ್ ಟೈಲ್, ಹೊಸ ಕಮೋಡ್ ಸೆಟ್, ಹೊರಗಿನಿಂದ ಪೈಪ್, ಗೋಡೆ ಸಂದಿಗೆ ಎಪಾಕ್ಸಿ, ಫೈಬರ್ ಬಾಗಿಲು. ಹಿಂದಿನದ್ದು: ಕಲ್ಲು ನೆಲ, ಕನ್ನಡಿ ಹಂಚು, ಹಿಡಿ, ನೀರು ಬಾಳೆಗೆ. ಗೀಸರ್ ಸರ್ವಿಸ್. ಸೋಲಾರ್ ಇಲ್ಲ, ಮಳೆ ಶವರ್ ಇಲ್ಲ. ಶವರಿನ ಬದಲು ಬಕೆಟ್ ಚೊಂಬು ಎಂದು ಮಗನಿಗೆ ಹೇಳಿದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ. ನಮ್ಮ ಬಿಲ್ 170 ಯೂನಿಟ್ ಸುತ್ತ ಬರುತ್ತದೆ. ಬೇರೆ ಮೇಸ್ತ್ರಿಯೊಬ್ಬರು ಸಾಮಾನು ಕೂಲಿ ಸೇರಿ 78 ಸಾವಿರ ಹೇಳಿದ್ದಾರೆ.

ಒಂದೇ ಪ್ರಶ್ನೆ. ಅವರು ಮೇ ಕೊನೆಗೆ ಬಿಡುವು ಎನ್ನುತ್ತಿದ್ದಾರೆ. ಆಗಬಹುದಾ?

ಪೈಪ್_ಪಂಡಿತ

ಪತ್ತನಾಜೆ (ತುಳುವರ ಲೆಕ್ಕದಲ್ಲಿ ಮೇ ಕೊನೆಯ ವಾರದ ಹೊತ್ತು) ಕಳೆದ ಮೇಲೆ ನೆಲ ಒಡೆಯುವ ಕೆಲಸಕ್ಕೆ ಕೈ ಹಾಕಬೇಡಿ ಮೇಡಂ. ಮಳೆ ಹಿಡಿದರೆ ಗಾರೆ ಒಣಗುವುದಿಲ್ಲ, ಒದ್ದೆ ನೆಲದ ಮೇಲೆ ವಾಟರ್‌ಪ್ರೂಫಿಂಗ್ ಬಳಿದರೆ ಎದ್ದು ಬರುತ್ತದೆ. ಮಾರ್ಚಿಗೆ ಬರುವ ಮೇಸ್ತ್ರಿ ಸಿಗದಿದ್ದರೆ ಅಕ್ಟೋಬರ್ ಕಳೆದು ಮಾಡಿ. ಅಲ್ಲಿ ತನಕ ಟ್ಯಾಂಕಿನ ರಬ್ಬರ್ ಬದಲಿಸಿ, ನಲ್ಲಿಗೆ ಜಾಲರಿ ಹಾಕಿ, ಹಿಂದಿನ ಬಚ್ಚಲಿಗೆ ಹಿಡಿ ಹಾಕಿಸಿ ಅತ್ತೆಯನ್ನು ಅಲ್ಲಿಗೆ ಬದಲಿಸಿ. ಅದಕ್ಕೆ ಮಳೆ ಅಡ್ಡ ಇಲ್ಲ.

ನೆಲದ ಕೆಲಸ ಆದಾಗ ಟೈಲ್ ಹಾಕುವ ಮುಂಚೆ ಮೋರಿಗೆ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ಕಟ್ಟಿ ಎರಡು ದಿನ ಬಿಡಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿ. ಗೆರೆಯಿಂದ ಕಣ್ಣಿಗೆ ಕಾಣುವಷ್ಟು ಕೆಳಗೆ ಇಳಿದರೆ, ಹೊರಗಿನ ಗೋಡೆಯ ಬುಡ ಒದ್ದೆಯಾದರೆ, ಮೇಸ್ತ್ರಿಗೆ ಟೈಲ್ ಮುಟ್ಟಲು ಬಿಡಬೇಡಿ. ಕೊನೆಯ ಕಂತು ಅದಾದ ಮೇಲೆಯೇ ಕೊಡಿ.

ಕೊಡೆ_ಮರೆತವ

ಕಾರ್ಕಳ ಕಲ್ಲಿನ ತುಂಡು ಹುಡುಕುವುದಾದರೆ ನನಗೂ ಹೇಳಿ ಅಕ್ಕ, ನಮ್ಮ ಬಚ್ಚಲಿಗೂ ಒಂದಿಷ್ಟು ಬೇಕು. ಟೆಂಪೋ ಬಾಡಿಗೆ ಅರ್ಧ ಅರ್ಧ ಹಾಕೋಣ.